ಕೊಟ್ಟಿಗೆಯ ಫ್ಯೂಸ್ ಯಾವುದು, ಎಷ್ಟು ಆಂಪಿಯರಿನದು? ತಿಳಿದುಕೊಳ್ಳಿ, ರಾಸು ಉಳಿಸಿಕೊಳ್ಳಿ



ಫ್ಯೂಸಿನ ವಿಚಾರಕ್ಕೂ ಪಶುವೈದ್ಯರಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇದೆ. ಮಳೆಗಾಲ ಶುರುವಾಯಿತೆಂದರೆ “ಡಾಕ್ಟ್ರೇ, ಹಸು ನಿಂತ ಜಾಗದಲ್ಲೇ ಬಿದ್ದುಬಿಡ್ತು” ಎಂಬ ಕರೆ ನಮಗೆ ಬರುತ್ತದೆ. ಹೋಗಿ ನೋಡಿದರೆ ಬಾಯಲ್ಲಿ ಮೇವು ಹಾಗೇ ಇರುತ್ತದೆ, ರಾಸಿನ ಜೀವ ಹೋಗಿರುತ್ತದೆ. ಅಂಥ ಹೊತ್ತಿನಲ್ಲಿ ನಮ್ಮ ಬ್ಯಾಗಿನಲ್ಲಿರುವ ಯಾವ ಔಷಧಿಯೂ ಕೆಲಸಕ್ಕೆ ಬರುವುದಿಲ್ಲ. ಕೆಲಸಕ್ಕೆ ಬರಬಹುದಾಗಿದ್ದದ್ದು ಮೀಟರ್ ಬೋರ್ಡಿನಲ್ಲಿ ಸರಿಯಾದ ಒಂದು ಸಾಧನ ಮಾತ್ರ.

ಮೊದಲು ಕೊಟ್ಟಿಗೆಯಲ್ಲಿ ಇರುತ್ತಿದ್ದದ್ದು ಒಂದು ಬಲ್ಬು. ಈಗ ಮೇವು ಕತ್ತರಿಸುವ ಯಂತ್ರ, ಹಾಲು ಕರೆಯುವ ಯಂತ್ರ, ಫ್ಯಾನು, ನೀರು ಕಾಯಿಸುವ ಹೀಟರ್, ತೊಳೆಯುವ ಪಂಪು ಎಲ್ಲವೂ ಬಂದಿವೆ. ಆದರೆ ಹಲವು ಮನೆಗಳಲ್ಲಿ ಬೋರ್ಡು ಮಾತ್ರ ಆ ಒಂದು ಬಲ್ಬಿನ ಕಾಲದ್ದೇ. ನಿಮ್ಮ ಬೋರ್ಡಿನಲ್ಲಿ ಇರುವುದು ಏನು, ಅದರ ಮೇಲೆ ಬರೆದಿರುವ ಅಂಕಿಗಳ ಅರ್ಥ ಏನು, ಅದು ರಾಸನ್ನು ಎಷ್ಟರಮಟ್ಟಿಗೆ ಕಾಯುತ್ತದೆ ಎಂಬುದನ್ನು ಈ ಸಂಚಿಕೆಯಲ್ಲಿ ತಿಳಿಯೋಣ.

ಮೊದಲ ಮಾತು: ಈ ಲೇಖನ ನೋಡಿ ಗುರುತಿಸುವುದಕ್ಕೆ. ಬಿಚ್ಚಿ ಕೆಲಸ ಮಾಡುವುದನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ಗೆ ಬಿಡಿ.

ಕಂಬದಿಂದ ಕೊಟ್ಟಿಗೆವರೆಗೆ: ಯಾವುದು ಯಾರದು?

ಕಂಬದಿಂದ ಬರುವ ಸರ್ವಿಸ್ ವೈರ್ ಮೊದಲು ಸೇರುವುದು ಮೀಟರಿಗಿಂತ ಮುಂಚೆ ಇರುವ ಕಟೌಟಿಗೆ. ಇದು ವಿದ್ಯುತ್ ಸರಬರಾಜು ಕಂಪನಿಯದು. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಸೆಸ್ಕ್ ಯಾವುದೇ ಇರಲಿ, ಮೀಟರ್ ಮತ್ತು ಅದರ ಹಿಂದಿನ ಕಟೌಟನ್ನು ನಾವು ಮುಟ್ಟುವಂತಿಲ್ಲ. ಮೇನ್ ಸ್ವಿಚ್ ಆಫ್ ಮಾಡಿದರೂ ಈ ಕಟೌಟಿನಲ್ಲಿ ಕರೆಂಟು ಇದ್ದೇ ಇರುತ್ತದೆ. ಅಲ್ಲಿ ತೊಂದರೆ ಕಂಡರೆ 1912ಕ್ಕೆ ಕರೆ ಮಾಡಿ ಅಥವಾ ನಿಮ್ಮ ಊರಿನ ಲೈನ್‌ಮ್ಯಾನ್‌ಗೆ ತಿಳಿಸಿ.

ಮೀಟರ್ ದಾಟಿದ ಮೇಲೆ ಬರುವ ಮೇನ್ ಸ್ವಿಚ್, ಅದರೊಳಗಿನ ಫ್ಯೂಸ್, ಮುಂದಿನ ಬೋರ್ಡು, ವೈರಿಂಗ್, ಅರ್ಥಿಂಗ್ ಎಲ್ಲವೂ ನಮ್ಮ ಜವಾಬ್ದಾರಿ.

ಮೀಟರಿನ ಮುಖವನ್ನೂ ಒಮ್ಮೆ ನೋಡಿ. ಅಲ್ಲಿ 5-30 ಆಂಪಿಯರ್ ಅಥವಾ 10-60 ಆಂಪಿಯರ್ ಎಂಬಂತೆ ಬರೆದಿರುತ್ತದೆ. ಎರಡನೆಯ ಅಂಕಿ ಆ ಮೀಟರ್ ತಡೆಯುವ ಗರಿಷ್ಠ ಕರೆಂಟು. ಕರೆಂಟು ಬಿಲ್ಲಿನಲ್ಲಿ ನಿಮಗೆ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂದು ನಮೂದಾಗಿರುತ್ತದೆ. ಸಿಂಗಲ್ ಫೇಸ್ 230 ವೋಲ್ಟ್‌ನಲ್ಲಿ 1 ಕಿಲೋವ್ಯಾಟ್ ಎಂದರೆ ಸುಮಾರು 4.3 ಆಂಪಿಯರ್.

ನಾಲ್ಕು ಬಗೆ, ನಾಲ್ಕು ಗುರುತು

1. ಪಿಂಗಾಣಿ ಫ್ಯೂಸ್ (ಕಿಟ್‌ಕ್ಯಾಟ್)

ಬಿಳಿ ಅಥವಾ ಕಂದು ಪಿಂಗಾಣಿಯ ಬುಡ, ಕೈಯಿಂದ ಕಿತ್ತು ತೆಗೆಯಬಹುದಾದ ಮೇಲಿನ ತುಂಡು, ಅದರೊಳಗೆ ಎರಡು ಸ್ಕ್ರೂಗಳ ನಡುವೆ ತೆಳುವಾದ ತಂತಿ. ಹಳ್ಳಿಯ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ಪಿಂಗಾಣಿಯ ಮೇಲೆ 16, 32, 63 ಅಥವಾ 100 ಆಂಪಿಯರ್ ಎಂದು ಅಚ್ಚಾಗಿರುತ್ತದೆ.

ಇಲ್ಲೇ ಬಹಳ ಮಂದಿ ತಪ್ಪು ತಿಳಿಯುತ್ತಾರೆ. ಪಿಂಗಾಣಿಯ ಮೇಲಿನ ಅಂಕಿ ಆ ಪಿಂಗಾಣಿ ಗರಿಷ್ಠ ಎಷ್ಟು ಕರೆಂಟು ತಡೆಯುತ್ತದೆ ಎಂಬುದನ್ನು ಹೇಳುತ್ತದೆ. ಒಳಗಿನ ಫ್ಯೂಸ್ ಎಷ್ಟು ಆಂಪಿಯರಿನದು ಎಂಬುದನ್ನು ಹೇಳುವುದು ತಂತಿಯ ದಪ್ಪ. 32 ಎಂದು ಬರೆದ ಪಿಂಗಾಣಿಯಲ್ಲಿ 5 ಆಂಪಿಯರ್ ತಂತಿಯೂ ಇರಬಹುದು, 30 ಆಂಪಿಯರ್ ತಂತಿಯೂ ಇರಬಹುದು.

ತವರ ಲೇಪಿಸಿದ ತಾಮ್ರದ ಫ್ಯೂಸ್ ತಂತಿಯ ಲೆಕ್ಕ ಹೀಗಿದೆ:

• 0.20 ಮಿ.ಮೀ. ದಪ್ಪ – 5 ಆಂಪಿಯರ್
• 0.35 ಮಿ.ಮೀ. – 10 ಆಂಪಿಯರ್
• 0.50 ಮಿ.ಮೀ. – 15 ಆಂಪಿಯರ್
• 0.60 ಮಿ.ಮೀ. – 20 ಆಂಪಿಯರ್
• 0.85 ಮಿ.ಮೀ. – 30 ಆಂಪಿಯರ್

ಅಂಗಡಿಯಲ್ಲಿ “ಫ್ಯೂಸ್ ವೈರ್ ಕೊಡಿ” ಎನ್ನುವ ಬದಲು “10 ಆಂಪಿಯರಿನ ಫ್ಯೂಸ್ ವೈರ್ ಕೊಡಿ” ಎಂದು ಕೇಳಿ. ಕಾರ್ಡಿನ ಮೇಲೆ ಆಂಪಿಯರ್ ಬರೆದಿರುವುದನ್ನೇ ತನ್ನಿ.

ಫ್ಯೂಸ್ ಹೋದಾಗ ಹಳೆಯ ವೈರಿನಿಂದ ಎಳೆ ಕಿತ್ತು ಸುತ್ತುವ ಅಭ್ಯಾಸ ನಮ್ಮಲ್ಲಿದೆ. ಮನೆ ವೈರಿಂಗಿನ ಸಾಮಾನ್ಯ ವೈರಿನ ಒಂದು ಎಳೆ ಸುಮಾರು 0.30 ಮಿ.ಮೀ. ದಪ್ಪ. ಅಂಥ ನಾಲ್ಕು ಎಳೆಗಳನ್ನು ಹೊಸೆದು ಹಾಕಿದರೆ ಅದು 20 ಆಂಪಿಯರ್ ದಾಟುತ್ತದೆ. ಪಿಂಗಾಣಿ ಫ್ಯೂಸಿನ ತಂತಿ ಕರಗಲು ಅದರ ಮೇಲಿನ ಅಂಕಿಯ ಸುಮಾರು ಎರಡರಷ್ಟು ಕರೆಂಟು ಬೇಕು. ಅಂದರೆ 40 ಆಂಪಿಯರ್ ಹರಿದರೂ ಫ್ಯೂಸ್ ಸುಮ್ಮನಿರಬಹುದು. ಅಷ್ಟರಲ್ಲಿ ಗೋಡೆಯ ಮೇಲಿನ ವೈರು ಬೆಂದು, ಅಟ್ಟದ ಒಣಹುಲ್ಲಿಗೆ ಬೆಂಕಿ ತಗುಲುತ್ತದೆ. ಕಟ್ಟಿದ ರಾಸು ಬೆಂಕಿಯಿಂದ ಓಡಲಾರದು.

ಕೊಟ್ಟಿಗೆಗೆ ಹತ್ತಿರದ ಬೋರ್ಡುಗಳಿಗೆ ಇನ್ನೊಂದು ಕಾಟವಿದೆ. ಗಂಜಲದಿಂದ ಏಳುವ ಅಮೋನಿಯಾ ಮತ್ತು ತೇವ ಸೇರಿ ಫ್ಯೂಸಿನ ಹಿತ್ತಾಳೆ ಹಿಡಿಗಳಿಗೆ ಹಸಿರು ಕಿಲುಬು ಹಿಡಿಸುತ್ತವೆ. ಕಿಲುಬು ಹಿಡಿದ ಹಿಡಿ ಸಡಿಲವಾಗಿ ಕಾಯುತ್ತದೆ. ಪಿಂಗಾಣಿ ಕಪ್ಪಾಗಿದ್ದರೆ, ಸುಟ್ಟ ವಾಸನೆ ಬಂದರೆ ತಂತಿ ಬದಲಿಸಿ ಪ್ರಯೋಜನವಿಲ್ಲ, ಇಡೀ ಫ್ಯೂಸನ್ನೇ ಬದಲಿಸಬೇಕು.

2. ಎಚ್‌ಆರ್‌ಸಿ ಫ್ಯೂಸ್

ಸಿಲಿಂಡರಿನಂತಿರುವ ಬಿಳಿ ಸೆರಾಮಿಕ್ ಕೊಳವೆ, ಎರಡು ತುದಿಗೂ ಲೋಹದ ಟೋಪಿ ಅಥವಾ ಪಟ್ಟಿ. ಒಳಗೆ ಮರಳು ತುಂಬಿರುತ್ತದೆ. ಫ್ಯೂಸ್ ಕರಗುವಾಗ ಹುಟ್ಟುವ ಕಿಡಿಯನ್ನು ಆ ಮರಳು ಆರಿಸುತ್ತದೆ. ತ್ರೀ ಫೇಸ್ ಸಂಪರ್ಕ, ಸಂಘದ ಬಿಎಂಸಿ ಕೇಂದ್ರ, ದೊಡ್ಡ ಪಂಪ್‌ಸೆಟ್‌ಗಳಲ್ಲಿ ಇದನ್ನು ಕಾಣಬಹುದು. ಕೊಳವೆಯ ಮೇಲೆಯೇ ಆಂಪಿಯರ್, ವೋಲ್ಟ್ ಮತ್ತು ಎಷ್ಟು ಕಿಲೋ ಆಂಪಿಯರ್‌ವರೆಗಿನ ಶಾರ್ಟ್ ಸರ್ಕ್ಯೂಟನ್ನು ತಡೆಯಬಲ್ಲದು ಎಂಬುದು ಮುದ್ರಿತವಾಗಿರುತ್ತದೆ. ಜೊತೆಗಿರುವ ‘ಜಿಜಿ’ ಎಂಬ ಎರಡಕ್ಷರದ ಗುರುತು ಸಾಮಾನ್ಯ ಬಳಕೆಯ ಫ್ಯೂಸ್ ಎಂಬುದಕ್ಕೆ. ಇದಕ್ಕೆ ತಂತಿ ಸುತ್ತುವಂತಿಲ್ಲ. ಹೋದರೆ ಅದೇ ಆಂಪಿಯರಿನ, ಅದೇ ಅಳತೆಯ ಹೊಸದನ್ನು ಹಾಕಬೇಕು.

3. ಗಾಜಿನ ಫ್ಯೂಸ್

ಬೆರಳುದ್ದದ ಗಾಜಿನ ಕೊಳವೆ. ಸ್ಟೆಬಿಲೈಸರ್, ಹಾಲು ಪರೀಕ್ಷೆಯ ಯಂತ್ರದಂಥ ಉಪಕರಣಗಳ ಹಿಂಭಾಗದಲ್ಲಿ ಇರುತ್ತದೆ. ತುದಿಯ ಲೋಹದ ಟೋಪಿಯ ಮೇಲೆ ಸಣ್ಣಗೆ ಆಂಪಿಯರ್ ಕೊರೆದಿರುತ್ತದೆ. ಅಂಕಿಯ ಹಿಂದೆ ‘ಟಿ’ ಇದ್ದರೆ ನಿಧಾನವಾಗಿ ಕರಗುವುದು, ‘ಎಫ್’ ಇದ್ದರೆ ಬೇಗ ಕರಗುವುದು. ಇದು ಆ ಉಪಕರಣವನ್ನು ಮಾತ್ರ ಕಾಯುತ್ತದೆ.

4. ಎಂಸಿಬಿ

ಇದು ಫ್ಯೂಸ್ ಅಲ್ಲ, ಫ್ಯೂಸಿನ ಕೆಲಸ ಮಾಡುವ ಸ್ವಿಚ್. ಕರೆಂಟು ಮಿತಿ ಮೀರಿದರೆ ತಾನೇ ಕೆಳಗೆ ಬೀಳುತ್ತದೆ. ಮುಖದ ಮೇಲೆ ‘ಬಿ’, ‘ಸಿ’ ಅಥವಾ ‘ಡಿ’ ಎಂಬ ಅಕ್ಷರ, ಅದರ ಪಕ್ಕ 6, 10, 16, 20, 32 ಇತ್ಯಾದಿ ಅಂಕಿ ಇರುತ್ತದೆ. ಅಂಕಿ ಆಂಪಿಯರ್ ಹೇಳುತ್ತದೆ. ಅಕ್ಷರ, ಎಷ್ಟು ಪಟ್ಟು ಕರೆಂಟು ಒಮ್ಮೆಲೇ ನುಗ್ಗಿದರೆ ತಕ್ಷಣ ಬೀಳುತ್ತದೆ ಎಂಬುದನ್ನು ಹೇಳುತ್ತದೆ. ಬಿ ಎಂದರೆ 3ರಿಂದ 5 ಪಟ್ಟು, ಸಿ ಎಂದರೆ 5ರಿಂದ 10 ಪಟ್ಟು, ಡಿ ಎಂದರೆ 10ರಿಂದ 20 ಪಟ್ಟು. ಮೋಟಾರು ಶುರುವಾಗುವ ಕ್ಷಣದಲ್ಲಿ ಮಾಮೂಲಿಯ 5-6 ಪಟ್ಟು ಕರೆಂಟು ಎಳೆಯುವುದರಿಂದ ಮೇವು ಯಂತ್ರಕ್ಕೆ ಸಿ ಬಗೆಯದು ಹೊಂದುತ್ತದೆ. ಚೌಕದೊಳಗೆ 6000 ಎಂದಿದ್ದರೆ 6000 ಆಂಪಿಯರ್‌ವರೆಗಿನ ಶಾರ್ಟ್ ಸರ್ಕ್ಯೂಟನ್ನು ಅದು ಕಡಿಯಬಲ್ಲದು ಎಂದರ್ಥ.

ನಮ್ಮ ಕೊಟ್ಟಿಗೆಗೆ ಎಷ್ಟು ಆಂಪಿಯರ್ ಬೇಕು?

8-10 ಹಸುಗಳ ಒಂದು ಕೊಟ್ಟಿಗೆಯ ಲೆಕ್ಕ ಹಾಕಿ ನೋಡೋಣ. ಎಲ್ಲವೂ ಸಿಂಗಲ್ ಫೇಸ್.

• 2 ಎಚ್‌ಪಿ ಮೇವು ಕತ್ತರಿಸುವ ಯಂತ್ರ – ಸುಮಾರು 11 ಆಂಪಿಯರ್
• 1 ಎಚ್‌ಪಿ ಹಾಲು ಕರೆಯುವ ಯಂತ್ರ – ಸುಮಾರು 6 ಆಂಪಿಯರ್
• 1500 ವ್ಯಾಟ್ ಹೀಟರ್ – 6.5 ಆಂಪಿಯರ್
• 75 ವ್ಯಾಟಿನ 4 ಫ್ಯಾನು – 1.3 ಆಂಪಿಯರ್
• 9 ವ್ಯಾಟಿನ 6 ಎಲ್‌ಇಡಿ ಬಲ್ಬು – 0.25 ಆಂಪಿಯರ್

ಎಲ್ಲವನ್ನೂ ಒಟ್ಟಿಗೆ ಹಾಕಿದರೆ 25 ಆಂಪಿಯರ್, ಮನೆಯ ಬಳಕೆ ಬೇರೆ. ಮೋಟಾರಿನ ನಿಖರ ಆಂಪಿಯರ್ ಅದರ ಮೈಮೇಲಿನ ತಗಡಿನ ಫಲಕದಲ್ಲಿ ಇರುತ್ತದೆ, ಅದನ್ನೇ ನಂಬಿ.

ಆರಿಸುವ ನಿಯಮ ಒಂದೇ: ಫ್ಯೂಸ್ ಅಥವಾ ಎಂಸಿಬಿಯ ಅಂಕಿ ಉಪಕರಣ ಎಳೆಯುವ ಕರೆಂಟಿಗಿಂತ ಹೆಚ್ಚಿರಬೇಕು, ವೈರು ತಡೆಯುವ ಕರೆಂಟಿಗಿಂತ ಕಡಿಮೆ ಇರಬೇಕು. ಫ್ಯೂಸ್ ಕಾಯುವುದು ವೈರನ್ನು. ಹೀಗಾಗಿ ದೊಡ್ಡ ಯಂತ್ರ ತಂದಾಗ ಫ್ಯೂಸ್ ದಪ್ಪ ಮಾಡಿದರೆ ಸಾಲದು, ವೈರೂ ದಪ್ಪವಾಗಬೇಕು.

ಮೇಲಿನ ಕೊಟ್ಟಿಗೆಗೆ ಒಂದೇ ಫ್ಯೂಸಿನ ಬದಲು ನಾಲ್ಕು ದಾರಿ ಮಾಡಿಕೊಳ್ಳಬಹುದು. ಮೇವು ಯಂತ್ರಕ್ಕೆ 2.5 ಚದರ ಮಿ.ಮೀ. ತಾಮ್ರದ ವೈರು, ಸಿ 16 ಎಂಸಿಬಿ. ಹಾಲು ಕರೆಯುವ ಯಂತ್ರಕ್ಕೆ ಅದೇ ವೈರು, ಸಿ 10. ಹೀಟರಿಗೂ ಅದೇ ವೈರು, 10 ಆಂಪಿಯರ್. ದೀಪ ಮತ್ತು ಫ್ಯಾನಿಗೆ 1.5 ಚದರ ಮಿ.ಮೀ. ವೈರು, 6 ಆಂಪಿಯರ್. ಕೊಟ್ಟಿಗೆ ಮೀಟರಿನಿಂದ ದೂರವಿದ್ದರೆ ವೈರು ಇನ್ನೂ ದಪ್ಪ ಬೇಕಾಗಬಹುದು, ಅದನ್ನು ಎಲೆಕ್ಟ್ರಿಷಿಯನ್ ಲೆಕ್ಕ ಹಾಕಲಿ. ಹೀಗೆ ಬೇರೆ ಮಾಡಿಕೊಂಡರೆ ಮೇವು ಯಂತ್ರದ ಎಂಸಿಬಿ ಬಿದ್ದರೂ ಹಾಲು ಕರೆಯುವುದು ನಿಲ್ಲುವುದಿಲ್ಲ. ಮಂಜೂರಾದ ಲೋಡ್ ಸಾಲದಿದ್ದರೆ ಹೆಚ್ಚಿಸಲು ಅರ್ಜಿ ಕೊಡಿ.

ಫ್ಯೂಸ್ ಇದ್ದರೂ ಹಸು ಸಾಯುವುದೇಕೆ?

ಈ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ಮೇವು ಯಂತ್ರದ ಒಳಗಿನ ವೈರು ಸವೆದು ಕಬ್ಬಿಣದ ಮೈಗೆ ತಾಗಿತು ಎಂದುಕೊಳ್ಳಿ. ಯಂತ್ರಕ್ಕೆ ಅರ್ಥಿಂಗ್ ಇದೆ, ಆದರೆ ಬೇಸಿಗೆಯಲ್ಲಿ ಗುಂಡಿ ಒಣಗಿ ಅದರ ತಡೆ 10 ಓಮ್ ಆಗಿದೆ. 230 ವೋಲ್ಟನ್ನು 10ರಿಂದ ಭಾಗಿಸಿದರೆ ಭೂಮಿಗೆ ಹರಿಯುವುದು ಹೆಚ್ಚೆಂದರೆ 23 ಆಂಪಿಯರ್. 15 ಆಂಪಿಯರ್ ಫ್ಯೂಸ್ ತಂತಿ ಕರಗಲು ಸುಮಾರು 30 ಬೇಕು. ಕರಗುವುದಿಲ್ಲ. 16 ಆಂಪಿಯರಿನ ಎಂಸಿಬಿ ಕೂಡ ಇಷ್ಟು ಕರೆಂಟಿಗೆ ಒಂದು ಗಂಟೆಯಾದರೂ ಬೀಳದೆ ಇರಬಹುದು. ಅಷ್ಟು ಹೊತ್ತೂ ಯಂತ್ರದ ಮೈಯಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ನಿಂತಿರುತ್ತದೆ. ಯಂತ್ರ ತಾಗಿದ ಕಬ್ಬಿಣದ ಪೈಪಿಗೆ ಸರಪಳಿಯಲ್ಲಿ ಕಟ್ಟಿದ್ದರೆ ಸಾಲಿನಲ್ಲಿರುವ ಎಲ್ಲ ರಾಸುಗಳಿಗೂ ಅದೇ ಅಪಾಯ. ಅರ್ಥಿಂಗೇ ಇಲ್ಲದಿದ್ದರಂತೂ ಫ್ಯೂಸಿಗೆ ಸುಳಿವೇ ಸಿಗುವುದಿಲ್ಲ.

ಮನುಷ್ಯನಿಗಿಂತ ರಾಸಿಗೆ ಅಪಾಯ ಹೆಚ್ಚು. ನಮಗೆ ಚಪ್ಪಲಿಯಾದರೂ ಇರುತ್ತದೆ. ರಾಸು ಗಂಜಲ, ನೀರು ನಿಂತ ನೆಲದ ಮೇಲೆ ನಾಲ್ಕು ಕಾಲೂರಿ ನಿಂತಿರುತ್ತದೆ. ಅದರ ದೇಹ ಕರೆಂಟಿಗೆ ಒಡ್ಡುವ ತಡೆಯೂ ಕಡಿಮೆ. ಮುಂಗಾಲಿಗೂ ಹಿಂಗಾಲಿಗೂ ಅಂತರ ಜಾಸ್ತಿ ಇರುವುದರಿಂದ ನೆಲದಲ್ಲಿ ಕರೆಂಟು ಹರಿದಾಗ ಎರಡರ ನಡುವಿನ ವೋಲ್ಟೇಜ್ ವ್ಯತ್ಯಾಸವೂ ಜಾಸ್ತಿ, ಆ ಕರೆಂಟು ಹಾಯುವ ದಾರಿಯಲ್ಲೇ ಹೃದಯ ಇದೆ.

ಹಾಗಾದರೆ ಶಾಕ್‌ನಿಂದ ಕಾಯುವುದು ಯಾವುದು? ಆರ್‌ಸಿಸಿಬಿ. ಹಳೆಯ ಹೆಸರು ಇಎಲ್‌ಸಿಬಿ. ನೋಡಲು ಎಂಸಿಬಿಯಂತೆಯೇ ಇರುತ್ತದೆ, ಆದರೆ ‘ಟಿ’ ಎಂದು ಬರೆದ ಪರೀಕ್ಷಾ ಗುಂಡಿ ಇರುತ್ತದೆ. ಹೋದ ಕರೆಂಟು ಮತ್ತು ಹಿಂದಿರುಗಿದ ಕರೆಂಟನ್ನು ಅದು ಸದಾ ಹೋಲಿಸುತ್ತದೆ. ಎಲ್ಲೋ ಸೋರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನನ್ನು ಕಡಿಯುತ್ತದೆ. ಮುಖದ ಮೇಲೆ 30 ಮಿಲಿ ಆಂಪಿಯರ್ ಅಥವಾ 0.03 ಆಂಪಿಯರ್ ಎಂದಿರುವುದನ್ನೇ ಕೇಳಿ ತನ್ನಿ. ಮೇಲಿನ ಉದಾಹರಣೆಯ 23 ಆಂಪಿಯರ್ ಇದರ ಮಿತಿಗಿಂತ 700 ಪಟ್ಟಿಗೂ ಹೆಚ್ಚು. ಫ್ಯೂಸ್ ಗಮನಿಸದ ಸೋರಿಕೆಯನ್ನು ಇದು ತಕ್ಷಣ ಹಿಡಿಯುತ್ತದೆ.

ಆದರೆ ಆರ್‌ಸಿಸಿಬಿ ಓವರ್‌ಲೋಡನ್ನು ತಡೆಯುವುದಿಲ್ಲ. ಫ್ಯೂಸ್ ಅಥವಾ ಎಂಸಿಬಿಯೂ ಬೇಕು, ಆರ್‌ಸಿಸಿಬಿಯೂ ಬೇಕು, ಒಳ್ಳೆಯ ಅರ್ಥಿಂಗೂ ಬೇಕು. ತಿಂಗಳಿಗೊಮ್ಮೆ ‘ಟಿ’ ಗುಂಡಿ ಒತ್ತಿ ನೋಡಿ, ಬೀಳದಿದ್ದರೆ ಬದಲಿಸಿ. ಮಳೆ ಬಂದಾಗ ಪದೇ ಪದೇ ಬೀಳುತ್ತದೆಂದು ಅದನ್ನು ತಪ್ಪಿಸಿ ನೇರ ವೈರು ಕೊಡಿಸಬೇಡಿ. ಅದು ಬೀಳುತ್ತಿದೆ ಎಂದರೆ ಎಲ್ಲೋ ಸೋರುತ್ತಿದೆ ಎಂದರ್ಥ.

ನ್ಯೂಟ್ರಲ್ ಫ್ಯೂಸಿನ ಮೋಸ

ಹಳೆಯ ಮೇನ್ ಸ್ವಿಚ್‌ಗಳಲ್ಲಿ ಎರಡು ಪಿಂಗಾಣಿ ಫ್ಯೂಸ್ ಇರುತ್ತವೆ, ಒಂದು ಫೇಸಿಗೆ, ಇನ್ನೊಂದು ನ್ಯೂಟ್ರಲ್‌ಗೆ. ನ್ಯೂಟ್ರಲ್ ಫ್ಯೂಸ್ ಹೋದರೆ ದೀಪ ಆರುತ್ತದೆ, ಯಂತ್ರ ನಿಲ್ಲುತ್ತದೆ, ಆದರೆ ವೈರುಗಳಲ್ಲಿ ಕರೆಂಟು ಇದ್ದೇ ಇರುತ್ತದೆ. “ಕರೆಂಟಿಲ್ಲವಲ್ಲ” ಎಂದು ಯಂತ್ರದೊಳಗೆ ಕೈ ಹಾಕಿದರೆ ಗತಿಯೇನು? ನ್ಯೂಟ್ರಲ್‌ಗೆ ಫ್ಯೂಸ್ ಇರಬಾರದು. ನಿಮ್ಮಲ್ಲಿ ಹಾಗಿದ್ದರೆ ಎಲೆಕ್ಟ್ರಿಷಿಯನ್‌ನಿಂದ ತೆಗೆಸಿ, ಗಟ್ಟಿ ಜೋಡಣೆ ಮಾಡಿಸಿ.

ಹಾಲು ಕಡಿಮೆಯಾದರೆ ಕರೆಂಟಿನ ಅನುಮಾನವೂ ಇರಲಿ

ಸಾಯಿಸದಷ್ಟು ಸಣ್ಣ ಸೋರಿಕೆಯೂ ನಷ್ಟ ತರುತ್ತದೆ. ನಮ್ಮ ಕೈಗೆ ಗೊತ್ತೇ ಆಗದ 2-4 ವೋಲ್ಟ್ ಕೂಡ ಹಸುವಿಗೆ ಗೊತ್ತಾಗುತ್ತದೆ. ಬಕೆಟ್ಟಿಗೆ ಬಾಯಿ ಹಾಕಿ ತಟ್ಟನೆ ಹಿಂದೆ ಸರಿಯುವುದು, ನೀರನ್ನು ನಾಲಗೆಯಿಂದ ನೆಕ್ಕಿ ಕುಡಿಯುವುದು, ಕರೆಯುವಾಗ ಕಾಲು ಎತ್ತಿಡುತ್ತಲೇ ಇರುವುದು, ಒಂದು ಜಾಗಕ್ಕೆ ಮಾತ್ರ ಬರಲು ಹಟ ಮಾಡುವುದು ಇವು ಲಕ್ಷಣಗಳು. ಹೆದರಿದ ಹಸು ಹಾಲು ತೊರೆಯುವುದಿಲ್ಲ. ಕೆಚ್ಚಲಲ್ಲಿ ಹಾಲು ಉಳಿದರೆ ಕೆಚ್ಚಲು ಬಾವಿಗೂ ದಾರಿಯಾಗುತ್ತದೆ. ಇವೇ ಲಕ್ಷಣಗಳಿಗೆ ಬೇರೆ ಕಾರಣಗಳೂ ಇರಬಹುದು, ಆದ್ದರಿಂದ ನಮ್ಮನ್ನೂ ಕರೆಯಿರಿ. ಆದರೆ ಮೇನ್ ಸ್ವಿಚ್ ಆಫ್ ಮಾಡಿ ಕೈಯಲ್ಲಿ ಕರೆದಾಗ ಹಸು ಸುಮ್ಮನೆ ನಿಂತರೆ ಎಲೆಕ್ಟ್ರಿಷಿಯನ್‌ನನ್ನು ಮೊದಲು ಕರೆಯಿರಿ.

ಅನಾಹುತ ಆದರೆ

• ಬಿದ್ದ ರಾಸನ್ನು ಮುಟ್ಟಬೇಡಿ, ಹಗ್ಗ ಬಿಚ್ಚಲು ಹೋಗಬೇಡಿ. ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ಕಂಬದ ತಂತಿ ಬಿದ್ದಿದ್ದರೆ ದೂರ ನಿಂತು 1912ಕ್ಕೆ ಕರೆ ಮಾಡಿ.
• ರಾಸು ಬದುಕಿದ್ದರೆ ಕರೆಂಟು ಕಡಿದದ್ದು ಖಾತ್ರಿಯಾದ ಮೇಲೆ ಎದೆಯ ಮೇಲೆ ಕೂರುವಂತೆ ಒರಗಿಸಿ, ಬಾಯಿಗೆ ನೀರು ಹಾಕಬೇಡಿ. ನಮ್ಮನ್ನು ಅಥವಾ ಪಶು ಸಹಾಯವಾಣಿ 1962 ಅನ್ನು ಸಂಪರ್ಕಿಸಿ.
• ಸತ್ತಿದ್ದರೆ ಹೂಳಬೇಡಿ, ಜಾಗ ಬದಲಿಸಬೇಡಿ, ಕಿವಿಯೋಲೆ ತೆಗೆಯಬೇಡಿ. ಅದರ 12 ಅಂಕಿಗಳೇ ವಿಮೆಗೆ ಆಧಾರ. ವಿಮಾ ಕಂಪನಿ, ಸಂಘದ ಕಾರ್ಯದರ್ಶಿ, ಪೊಲೀಸ್ ಠಾಣೆ, ವಿದ್ಯುತ್ ಕಂಪನಿ ಎಲ್ಲರಿಗೂ ತಿಳಿಸಿ. 2003ರ ವಿದ್ಯುತ್ ಕಾಯ್ದೆಯ 161ನೇ ಕಲಮು ವಿದ್ಯುತ್ ಅವಘಡದಲ್ಲಿ ಪ್ರಾಣಿ ಸತ್ತರೂ ವರದಿ ಮತ್ತು ತನಿಖೆಗೆ ಅವಕಾಶ ಕೊಡುತ್ತದೆ. ವಿದ್ಯುತ್ ಪರಿವೀಕ್ಷಕರ ವರದಿ ಮತ್ತು ನಮ್ಮ ಮರಣೋತ್ತರ ಪರೀಕ್ಷಾ ವರದಿ ಪರಿಹಾರಕ್ಕೆ ಮುಖ್ಯ.
• ಮೂಗು, ಬಾಯಿ, ಗುದದ್ವಾರದಿಂದ ರಕ್ತ ಸೋರುತ್ತಿದ್ದರೆ ಅದು ನೆರಡಿ ರೋಗವೂ ಆಗಿರಬಹುದು. ಅಂಥ ಹೆಣವನ್ನು ಯಾರೂ ಕೊಯ್ಯಬಾರದು, ಮುಟ್ಟಬಾರದು. ವೈದ್ಯರು ಬರುವವರೆಗೆ ಕಾಯಿರಿ.

ಈ ವಾರ ಮಾಡಬೇಕಾದ್ದು

ಹಗಲು ಹೊತ್ತಿನಲ್ಲಿ, ಒಣ ಕೈ, ಕಾಲಲ್ಲಿ ಚಪ್ಪಲಿಯೊಂದಿಗೆ ಬೋರ್ಡಿನ ಮುಂದೆ ನಿಂತು, ಏನನ್ನೂ ಬಿಚ್ಚದೆ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ:

1. ಮೀಟರಿನ ಗರಿಷ್ಠ ಆಂಪಿಯರ್ ಎಷ್ಟು? ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು?
2. ಮೇನ್‌ನಲ್ಲಿ ಇರುವುದು ಪಿಂಗಾಣಿ ಫ್ಯೂಸೋ, ಎಚ್‌ಆರ್‌ಸಿಯೋ, ಎಂಸಿಬಿಯೋ? ಮೇಲಿನ ಅಂಕಿ ಎಷ್ಟು?
3. ‘ಟಿ’ ಗುಂಡಿಯ ಆರ್‌ಸಿಸಿಬಿ ಇದೆಯೇ? 30 ಮಿಲಿ ಆಂಪಿಯರಿನದೇ?
4. ಪ್ರತಿ ಮೋಟಾರಿನ ಫಲಕದಲ್ಲಿ ಎಷ್ಟು ಎಚ್‌ಪಿ, ಎಷ್ಟು ಆಂಪಿಯರ್ ಇದೆ?
5. ಕೊಟ್ಟಿಗೆಗೆ ಅರ್ಥಿಂಗ್ ಗುಂಡಿ ಎಲ್ಲಿದೆ? ಅದರ ತಂತಿ ತುಂಡಾಗಿಲ್ಲ ತಾನೇ? ಬೇಸಿಗೆಯಲ್ಲಿ ನೀರು ಹಾಕುತ್ತಿದ್ದೀರಾ?

ಈ ಚೀಟಿ ಹಿಡಿದು ಎಲೆಕ್ಟ್ರಿಷಿಯನ್ ಬಳಿ ಹೋದರೆ ಅವರು ಮಾಡಬೇಕಾದ ಕೆಲಸದ ಅರ್ಧ ಲೆಕ್ಕ ಅಲ್ಲೇ ಸಿದ್ಧವಿರುತ್ತದೆ. ಪಿಂಗಾಣಿಯೊಳಗಿನ ತಂತಿ ಎಷ್ಟು ಆಂಪಿಯರಿನದು ಎಂಬುದನ್ನು ಅವರಿಂದಲೇ ನೋಡಿಸಿ. ಆರನೆಯ ಪ್ರಶ್ನೆಗೆ ಬೋರ್ಡು ನೋಡಬೇಕಿಲ್ಲ: ಕಂಬಕ್ಕೆ ಆಸರೆಯಾಗಿ ಕಟ್ಟಿದ ತಂತಿಗೋ, ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲೋ ರಾಸು ಕಟ್ಟುತ್ತಿದ್ದೀರಾ? ಹಾಗಿದ್ದರೆ ಇವತ್ತೇ ಅಲ್ಲಿಂದ ಬಿಚ್ಚಿ ಬೇರೆ ಕಡೆ ಕಟ್ಟಿ.

– ಪಶುವೈದ್ಯಾಧಿಕಾರಿ, ಶಿಬಿರ ಕಚೇರಿ